ಕನ್ನಡಿ ಬೇಡದ ಬಣ್ಣ: ನೇಲ್ ಪಾಲಿಶ್‌ನ ಸೆಳೆತ ಎಲ್ಲಿಂದ ಬಂತು?

ನಮ್ಮೂರ ಜಾತ್ರೆಯಲ್ಲಿ ಬಳೆ ಅಂಗಡಿಯ ಪಕ್ಕ ಒಂದು ಮಂಚ ಹಾಕಿ, ಅದರ ಮೇಲೆ ನೇಲ್ ಪಾಲಿಶ್ ಶೀಶೆಗಳನ್ನು ಸಾಲುಸಾಲಾಗಿ ನಿಲ್ಲಿಸಿರುತ್ತಾರೆ. ಕೆಂಪಿನಲ್ಲೇ ಹತ್ತು ಹನ್ನೆರಡು ಬಗೆ, ಆಮೇಲೆ ಗುಲಾಬಿ, ನೇರಳೆ, ಮಿಣಮಿಣ ಎನ್ನುವ ಬೆಳ್ಳಿ ಬಣ್ಣ. ಬೇರೆ ಸಾಮಾನು ಮುಟ್ಟಿದರೆ ಗದರುವ ಅಂಗಡಿಯವರು ಇಲ್ಲಿ ಮಾತ್ರ ‘ಹಚ್ಚಿ ನೋಡಮ್ಮಾ’ ಅನ್ನುತ್ತಾರೆ. ಹಾಗಾಗಿ ಎಡಗೈಯ ಐದು ಬೆರಳಿಗೆ ಐದು ಬಣ್ಣ ಹಚ್ಚಿಕೊಂಡು, ಕೈಯನ್ನು ಬಲ್ಬಿನ ಬೆಳಕಿಗೆ ಹಿಡಿದು, ಒಮ್ಮೆ ಹತ್ತಿರ ಒಮ್ಮೆ ದೂರ ಮಾಡಿ ನೋಡುವವರ ಗುಂಪು ಆ ಮಂಚದ ಸುತ್ತ ಯಾವಾಗಲೂ ಇರುತ್ತದೆ. ಕಳೆದ ಸಲ ಹೋದಾಗ ಆ ಗುಂಪಿನಲ್ಲಿ ಆರನೇ ಕ್ಲಾಸಿನ ಹುಡುಗಿಯೂ ಇದ್ದಳು, ಅವಳ ಅಜ್ಜಿಯೂ ಇದ್ದರು. ಇಬ್ಬರೂ ನೋಡುತ್ತಿದ್ದುದು ತಂತಮ್ಮ ಕೈಯನ್ನೇ.

ನೇಲ್ ಪಾಲಿಶ್ ಯಾಕಿಷ್ಟು ಇಷ್ಟ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ನೋಟ. ಕಣ್ಣಿನ ಕಾಡಿಗೆ, ತುಟಿಯ ಲಿಪ್‌ಸ್ಟಿಕ್, ಮುಡಿದ ಮಲ್ಲಿಗೆ ಇವೆಲ್ಲ ಎದುರಿಗಿರುವವರಿಗೆ ಕಾಣುವಂಥವು. ಹಾಕಿಕೊಂಡವಳು ನೋಡಬೇಕೆಂದರೆ ಕನ್ನಡಿ ಮುಂದೆ ನಿಲ್ಲಬೇಕು. ಉಗುರಿನ ಬಣ್ಣ ಹಾಗಲ್ಲ. ಚಪಾತಿ ಲಟ್ಟಿಸುವಾಗ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ಕೀಬೋರ್ಡ್ ಕುಟ್ಟುವಾಗ, ಮಗುವಿನ ಶರ್ಟಿನ ಗುಂಡಿ ಹಾಕುವಾಗ, ದಿನಕ್ಕೆ ನೂರು ಸಲ ಅದು ಹಚ್ಚಿಕೊಂಡವಳ ಕಣ್ಣಿಗೇ ಬೀಳುತ್ತದೆ. ಬಳೆ, ಉಂಗುರ ಕೂಡ ಹೀಗೆ ಕಾಣುತ್ತವೆ, ನಿಜ. ಆದರೆ ಬಳೆಗೆ ಅಳತೆ ಇದೆ, ಉಂಗುರಕ್ಕೆ ಅಳತೆ ಇದೆ. ಬ್ಲೌಸ್ ಬಿಗಿಯಾಗಬಹುದು, ಬಳೆ ಮುಂಗೈ ದಾಟದಿರಬಹುದು. ನೇಲ್ ಪಾಲಿಶ್ ಆಗಿಬರದ ಕೈ ಇಲ್ಲ. ಮೈ ಬಣ್ಣ, ವಯಸ್ಸು, ತೂಕ ಯಾವುದನ್ನೂ ಅದು ಕೇಳುವುದಿಲ್ಲ. ಬೇಡವಾದರೆ ಎರಡು ನಿಮಿಷದಲ್ಲಿ ಒರೆಸಿ ಹಾಕಬಹುದು.

ಇಷ್ಟು ಸಲೀಸಾದ ಬಣ್ಣ ಶೀಶೆಯೊಳಗೆ ಬಂದು ಕೂರಲು ಮಾತ್ರ ಬಹಳ ಕಾಲ ಹಿಡಿಯಿತು.

ಉಗುರಿಗೆ ಬಣ್ಣ ಬರಿಸುವುದಕ್ಕೆ ಎರಡು ದಾರಿಗಳಿವೆ. ಒಂದು, ಬಣ್ಣ ಉಗುರಿನೊಳಗೇ ಇಳಿಯುವಂತೆ ಮಾಡುವುದು. ಇನ್ನೊಂದು, ಉಗುರಿನ ಮೇಲೆ ಬಣ್ಣದ ಪೊರೆ ಹೊದಿಸುವುದು. ಮೊದಲನೆಯದು ನಮಗೆಲ್ಲ ಗೊತ್ತಿರುವ ಗೋರಂಟಿ; ಕರಾವಳಿಯವರಿಗೆ ಮದರಂಗಿ. ಸೊಪ್ಪನ್ನು ಒಂದಿಷ್ಟು ಹುಣಸೆಹುಳಿಯೋ ನಿಂಬೆರಸವೋ ಹಾಕಿ ನುಣ್ಣಗೆ ರುಬ್ಬಿ, ರಾತ್ರಿ ಬೆರಳ ತುದಿಗೆ ಟೋಪಿಯ ಹಾಗೆ ಮೆತ್ತಿಕೊಂಡು ಮಲಗಿದವರಿಗೆ ಬೆಳಗಿನ ಆ ಕಿತ್ತಳೆ ಬಣ್ಣ ಗೊತ್ತು. ಆ ಎಲೆಯಲ್ಲಿರುವ ಬಣ್ಣದ ವಸ್ತುವಿನ ಹೆಸರು ಲಾಸೋನ್. ಉಗುರು ಎಂದರೆ ಕೆರಾಟಿನ್ ಎಂಬ ಪ್ರೋಟೀನಿನ ಒತ್ತಾದ ಪದರಗಳು. ಕೂದಲೂ ಅದೇ, ಚರ್ಮದ ಮೇಲ್ಪದರವೂ ಅದೇ. ಲಾಸೋನ್ ಹೋಗಿ ಆ ಕೆರಾಟಿನ್‌ಗೆ ಅಂಟಿಕೊಂಡುಬಿಡುತ್ತದೆ. ಅಂಗೈ ಮೇಲಿನ ಚಿತ್ತಾರ ಎರಡು ಮೂರು ವಾರಕ್ಕೆ ಮಾಸುವುದು ಚರ್ಮ ಸವೆದು ಹೊಸದಾಗುವುದರಿಂದ. ಉಗುರಿನ ಮೇಲಿನದು ಹಾಗೆ ಮಾಸುವುದಿಲ್ಲ. ಕೈಯುಗುರು ತಿಂಗಳಿಗೆ ಬೆಳೆಯುವುದೇ ಸುಮಾರು 3 ಮಿಲಿಮೀಟರ್. ಬುಡದಿಂದ ತುದಿಗೆ ಪೂರ್ತಿ ಹೊಸ ಉಗುರು ಬರಲು ಆರು ತಿಂಗಳು ಬೇಕು, ಕಾಲಿನ ಹೆಬ್ಬೆರಳಿಗೆ ವರ್ಷಕ್ಕಿಂತ ಹೆಚ್ಚು. ಅಲ್ಲಿಯವರೆಗೆ ಆ ಕಿತ್ತಳೆ ಅರ್ಧಚಂದ್ರ ನಿಧಾನಕ್ಕೆ ತುದಿಯ ಕಡೆ ಸರಿಯುತ್ತಾ ಹೋಗುತ್ತದೆ.

ಇದೇ ಗುಣವನ್ನು ನೆಚ್ಚಿಕೊಂಡ ಇನ್ನೊಂದು ಬಣ್ಣ ನಮ್ಮ ಮೈಸೂರಿನದು. ಮತ ಹಾಕಿದ ಮೇಲೆ ಎಡಗೈ ತೋರುಬೆರಳಿಗೆ ಎಳೆಯುವ ಅಳಿಸಲಾಗದ ಶಾಯಿ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಿಂದ ಬರುತ್ತದೆ. 1962ರ ಚುನಾವಣೆಯಿಂದಲೂ ಅಲ್ಲಿಯದೇ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕಿಗೆ ಕಪ್ಪಾಗುತ್ತದೆ. ಚರ್ಮದ ಗುರುತು ಬೇಗ ಹೋಗುತ್ತದೆ, ಉಗುರಿನ ಮೇಲಿನ ಗೆರೆ ಉಗುರು ಬೆಳೆದು ಕತ್ತರಿಸಿ ಹೋಗುವವರೆಗೂ ಉಳಿಯುತ್ತದೆ.

ಗೋರಂಟಿ ಬೆಳೆಯದ ನಾಡಿನವರೂ ಸುಮ್ಮನೆ ಕೂರಲಿಲ್ಲ. ಕೊರಿಯಾದಲ್ಲಿ ಬೇಸಿಗೆ ಬಂದರೆ ಮಕ್ಕಳು ಒಂದು ಹೂವಿನ ಎಸಳನ್ನು ಪಟಿಕದ ಜತೆ ಜಜ್ಜಿ ಉಗುರ ಮೇಲಿಟ್ಟು, ಸುತ್ತಿ, ದಾರ ಕಟ್ಟಿ ಮಲಗುತ್ತಾರೆ. ವರ್ಷದ ಮೊದಲ ಹಿಮ ಬೀಳುವವರೆಗೆ ಆ ಬಣ್ಣ ಉಗುರಿನಲ್ಲಿ ಉಳಿದರೆ ಮೊದಲ ಪ್ರೀತಿ ಕೈಗೂಡುತ್ತದೆ ಎಂಬ ನಂಬಿಕೆ ಅವರದು. ಬೇಸಿಗೆಯಿಂದ ಹಿಮದವರೆಗೆ ಎಂದರೆ ಹೆಚ್ಚುಕಡಿಮೆ ಒಂದು ಉಗುರಿನ ಆಯಸ್ಸು! ಆ ಹೂವು ಬೇರೆ ಯಾವುದೂ ಅಲ್ಲ, ನಮ್ಮ ಹಿತ್ತಿಲಲ್ಲಿ ಮಳೆಗಾಲಕ್ಕೆ ತಾನೇ ಹುಟ್ಟಿ, ಕಾಯಿ ಮುಟ್ಟಿದರೆ ಫಟ್ಟನೆ ಸಿಡಿಯುವ ಕರ್ಣಕುಂಡಲ. ಅದರಲ್ಲಿರುವ ಬಣ್ಣದ ವಸ್ತುವೂ ಲಾಸೋನ್. ಗೋರಂಟಿಗೂ ಕರ್ಣಕುಂಡಲಕ್ಕೂ ಕುಲದ ನಂಟಿಲ್ಲ. ಕೊರಿಯಾದವರಿಗೂ ನಮಗೂ ಈ ವಿಷಯದಲ್ಲಿ ಮಾತುಕತೆ ಆದದ್ದು ನನಗಂತೂ ಗೊತ್ತಿಲ್ಲ. ಆದರೂ ಎರಡು ಕಡೆಯ ಹೆಂಗಸರ ಕೈ ಹುಡುಕಿಕೊಂಡು ಹೋಗಿ ಮುಟ್ಟಿದ್ದು ಒಂದೇ ರಸಾಯನವನ್ನು. ಇದನ್ನು ಮೊದಲ ಸಲ ಓದಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಇನ್ನು ಪೊರೆಯ ದಾರಿ. ನೇಲ್ ಪಾಲಿಶ್ ಶೀಶೆಯ ಮೇಲೆ ಎಷ್ಟೋ ಸಲ ‘ನೇಲ್ ಲ್ಯಾಕರ್’ ಎಂದು ಬರೆದಿರುತ್ತದೆ. ಆ ಲ್ಯಾಕರ್ ಎಂಬ ಮಾತಿನ ಬೇರು ನಮ್ಮ ‘ಲಾಕ್ಷಾ’, ಅಂದರೆ ಅರಗು. ಮರದ ಕೊಂಬೆಗೆ ಕಚ್ಚಿಕೊಂಡು ಬದುಕುವ ಅರಗಿನ ಹುಳು ಸುರಿಸುವ ಅಂಟು ಅದು. ಪಾಂಡವರನ್ನು ಸುಡಲು ಕಟ್ಟಿದ್ದು ಅದರ ಮನೆ. ಚನ್ನಪಟ್ಟಣದ ಗೊಂಬೆಗೆ ಕಣ್ಣು ಕುಕ್ಕುವ ಆ ಹೊಳಪು ಬರುವುದೂ ಅದರಿಂದಲೇ: ಚರಕಿಯಲ್ಲಿ ಗಿರಗಿರ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೆ ಅದು ಕರಗಿ ಮರದ ಮೈಗೆ ಹರಡಿಕೊಳ್ಳುತ್ತದೆ. ಆಗಲೇ ಹೇಳಿದ ಮೈಸೂರಿನ ಶಾಯಿ ಕಾರ್ಖಾನೆ ಕೂಡ 1937ರಲ್ಲಿ ಶುರುವಾದದ್ದು ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ. ಲಾಕ್ಷಾ ಎಂಬ ಮಾತು ಅರಬರ, ಪೋರ್ಚುಗೀಸರ ಬಾಯಲ್ಲಿ ಸುತ್ತಾಡಿ, ಇಂಗ್ಲಿಷಿನಲ್ಲಿ ಲ್ಯಾಕರ್ ಆಗಿ, ಉಗುರು ಬಣ್ಣದ ಶೀಶೆ ಹತ್ತಿ ಮನೆಗೆ ವಾಪಸ್ಸು ಬಂದಿದೆ.

ಆದರೆ ಇವತ್ತಿನ ಶೀಶೆಯಲ್ಲಿ ಹೊಳಪು ಕೊಡುವುದು ಅರಗಲ್ಲ, ಹತ್ತಿ. ಹತ್ತಿಯ ನಾರನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲದಲ್ಲಿ ಅದ್ದಿದರೆ ನೈಟ್ರೋಸೆಲ್ಯುಲೋಸ್ ಆಗುತ್ತದೆ. 1846ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದವನು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದ ಕ್ರಿಶ್ಚಿಯನ್ ಶೋನ್‌ಬೈನ್ ಎಂಬ ವಿಜ್ಞಾನಿ. ಕಿಡಿ ತಗುಲಿದರೆ ಭಗ್ಗೆಂದು ಉರಿಯುವ ಈ ಹತ್ತಿ ಮೊದಲು ಹೋದದ್ದು ಬಂದೂಕು ಫಿರಂಗಿಗಳ ಹೊಟ್ಟೆಗೆ. ಆಮೇಲೆ ಸಿನಿಮಾ ರೀಲಾಯಿತು. 1920ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ಇದರಿಂದಲೇ ‘ಡ್ಯೂಕೋ’ ಎಂಬ ಕಾರಿನ ಬಣ್ಣ ಮಾಡಿತು. ಅಲ್ಲಿಯವರೆಗೆ ಒಂದು ಕಾರಿಗೆ ಬಣ್ಣ ಬಳಿದು ಒಣಗಿಸಲು ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಗಂಟೆಗಳ ಲೆಕ್ಕಕ್ಕೆ ಇಳಿಯಿತು. ಬೇಗ ಒಣಗುವ, ಗಟ್ಟಿಯಾಗಿ ನಿಲ್ಲುವ, ಕನ್ನಡಿಯಂತೆ ಹೊಳೆಯುವ ಬಣ್ಣ ಕಾರಿಗೆ ಹೇಗೆ ಬೇಕೋ ಉಗುರಿಗೂ ಹಾಗೇ ಬೇಕು.

ಅದೇ ಹೊತ್ತಿನ ಸುಮಾರಿಗೆ ಉಗುರು ಬಣ್ಣದ ಕಂಪನಿಗಳೂ ಎದ್ದವು. 1911ರಲ್ಲಿ ಉಗುರಿನ ಬುಡದ ಚರ್ಮ ಮೆತ್ತಗಾಗಿಸುವ ದ್ರವದಿಂದ ಶುರುಮಾಡಿದ ಕ್ಯೂಟೆಕ್ಸ್ ಆ ದಶಕ ಮುಗಿಯುವುದರೊಳಗೆ ಉಗುರು ಬಣ್ಣಕ್ಕೂ ಕೈಹಾಕಿತು. ಅದರ ಹೆಸರು ದಕ್ಷಿಣ ಭಾರತದಲ್ಲಿ ಎಷ್ಟು ಬೇರೂರಿತೆಂದರೆ ಯಾವ ಕಂಪನಿಯ ಶೀಶೆಯಾದರೂ ‘ಕ್ಯೂಟೆಕ್ಸ್’ ಎಂದೇ ಕರೆಯುವ ಮನೆಗಳು ಈಗಲೂ ಇವೆ. ಆ ಕಾಲದ ಬಣ್ಣಗಳು ತಿಳಿ, ಒಳಗಿನ ಉಗುರು ಕಾಣುವಂಥವು. ತುದಿಯನ್ನೂ ಬುಡದ ಬಿಳಿ ಅರ್ಧಚಂದ್ರವನ್ನೂ ಬಿಟ್ಟು ನಡುವೆ ಮಾತ್ರ ಹಚ್ಚುವುದು ಫ್ಯಾಷನ್ನಾಗಿತ್ತು. 1932ರಲ್ಲಿ ನ್ಯೂಯಾರ್ಕಿನಲ್ಲಿ ಚಾರ್ಲ್ಸ್ ರೆವ್ಸನ್, ಅವನ ಅಣ್ಣ ಜೋಸೆಫ್, ಚಾರ್ಲ್ಸ್ ಲ್ಯಾಕ್‌ಮನ್ ಎಂಬ ಕೆಮಿಸ್ಟ್ ಮೂವರೂ ಸೇರಿ ರೆವ್ಲಾನ್ ಶುರುಮಾಡಿದರು. ಹೆಸರಿನ ನಡುವಿನ ‘ಲ’ ಲ್ಯಾಕ್‌ಮನ್‌ನದು. ಅವರು ದ್ರವದಲ್ಲಿ ಕರಗಿಹೋಗುವ ರಂಗಿನ ಬದಲು ಕರಗದೆ ಉಳಿಯುವ ಪಿಗ್ಮೆಂಟ್ ಪುಡಿ ಬೆರೆಸಿದರು. ಹಾಗಾಗಿ ಉಗುರು ಪೂರಾ ಮುಚ್ಚುವ ದಟ್ಟ ಬಣ್ಣ ಬಂತು, ಶೇಡ್‌ಗಳ ಸಾಲು ಬೆಳೆಯಿತು. ಅದು ಮಹಾ ಆರ್ಥಿಕ ಕುಸಿತದ ನಟ್ಟನಡುವಿನ ವರ್ಷ. ಅಮೆರಿಕದಲ್ಲಿ ಕೋಟ್ಯಂತರ ಜನಕ್ಕೆ ಕೆಲಸವಿಲ್ಲದ ಕಾಲದಲ್ಲಿ ಒಂದು ನೇಲ್ ಪಾಲಿಶ್ ಕಂಪನಿ ತಲೆಯೆತ್ತಿ ನಿಂತಿತು.

ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ ಅನ್ನಿಸುತ್ತದೆ ನನಗೆ. ಕೈಯಲ್ಲಿ ದುಡ್ಡು ಕಮ್ಮಿ ಇದ್ದಾಗ ಸೀರೆ ಬಿಡಬಹುದು, ಚಿನ್ನದ ಮಾತು ಎತ್ತುವುದೇ ಬೇಡ. ಆದರೆ ಒಂದು ಶೀಶೆ ಬಣ್ಣಕ್ಕೆ ಮನೆಯ ಲೆಕ್ಕ ತಲೆಕೆಳಗಾಗುವುದಿಲ್ಲ. 2001ರಲ್ಲಿ ಎಸ್ಟೀ ಲಾಡರ್ ಎಂಬ ಸೌಂದರ್ಯವರ್ಧಕ ಕಂಪನಿಯ ಲಿಯೊನಾರ್ಡ್ ಲಾಡರ್, ಕಷ್ಟಕಾಲದಲ್ಲಿ ಲಿಪ್‌ಸ್ಟಿಕ್ ಮಾರಾಟ ಏರುತ್ತದೆ ಎಂದು ಹೇಳಿ ಅದಕ್ಕೊಂದು ಸೂಚ್ಯಂಕದ ಹೆಸರೇ ಕೊಟ್ಟರು. ಅದು ಪ್ರತಿ ಕುಸಿತಕ್ಕೂ ಹೊಂದುವ ನಿಯಮವಲ್ಲ, ಎಷ್ಟೋ ಸಲ ಅಂಕಿಗಳು ಅದಕ್ಕೆ ವಿರುದ್ಧವಾಗಿಯೂ ಬಂದಿವೆ. ಅಂಕಿ ಏನೇ ಹೇಳಲಿ, ತಿಂಗಳ ಕೊನೆಯ ವಾರದಲ್ಲಿ ಫ್ಯಾನ್ಸಿ ಸ್ಟೋರ್ ಮೆಟ್ಟಿಲು ಹತ್ತಿದವರಿಗೆ ಆ ಮಾತಿನ ತಿರುಳು ಗೊತ್ತು. ನಮ್ಮಲ್ಲಿ ಟಾಟಾದವರು 1952ರಲ್ಲಿ ಲ್ಯಾಕ್ಮೆ ಶುರುಮಾಡಿದ ಮೇಲೆ ಈ ಸಣ್ಣ ಸಂತೋಷ ಇಲ್ಲಿಯ ಅಂಗಡಿಯ ಗಾಜಿನ ಕಪಾಟಿಗೂ ಬಂತು. ಫ್ರೆಂಚ್ ಒಪೆರಾ (ಹಾಡಿನ ನಾಟಕ) ಒಂದರಿಂದ ತೆಗೆದುಕೊಂಡ ಆ ಹೆಸರಿನ ಮೂಲ ನಮ್ಮ ‘ಲಕ್ಷ್ಮಿ’.

ಈಗ ಶೀಶೆಯ ಮುಚ್ಚಳ ತೆಗೆಯೋಣ. ಮೂಗಿಗೆ ಬಡಿಯುವ ಆ ಘಾಟು, ಹಿಂದೆಯೇ ಬರುವ ಹಣ್ಣಿನಂಥ ಸಿಹಿ ವಾಸನೆ, ಎರಡೂ ದ್ರಾವಕಗಳದ್ದು: ಈಥೈಲ್ ಅಸಿಟೇಟ್ ಮತ್ತು ಬ್ಯೂಟೈಲ್ ಅಸಿಟೇಟ್. ನೈಟ್ರೋಸೆಲ್ಯುಲೋಸನ್ನು ಕರಗಿಸಿ ಹಿಡಿದಿಟ್ಟುಕೊಳ್ಳುವುದು ಇವುಗಳ ಕೆಲಸ. ಮೊದಲನೆಯದು 77 ಡಿಗ್ರಿಗೆ ಕುದಿಯುತ್ತದೆ, ಎರಡನೆಯದು 126 ಡಿಗ್ರಿಗೆ. ಅಂದರೆ ಒಂದು ಅವಸರದ್ದು, ಇನ್ನೊಂದು ನಿಧಾನದ್ದು. ಅವಸರದ್ದೇ ತುಂಬಿದರೆ ಬ್ರಷ್ಷಿನ ಗೆರೆಗಳು ಸಮವಾಗುವುದರೊಳಗೆ ಬಣ್ಣ ಒಣಗಿಬಿಡುತ್ತದೆ. ನಿಧಾನದ್ದೇ ಆದರೆ ಸೆರಗು ತಾಗಿದರೂ ಕಲೆ. ಎರಡನ್ನೂ ಅಳೆದು ಬೆರೆಸುವುದರಲ್ಲಿ ತಯಾರಕರ ಜಾಣತನವಿದೆ. ದ್ರಾವಕ ಆವಿಯಾದ ಮೇಲೆ ಉಳಿಯುವ ನೈಟ್ರೋಸೆಲ್ಯುಲೋಸ್ ಪೊರೆ ಒಂದೇ ಇದ್ದರೆ ಹಪ್ಪಳದ ಹಾಗೆ ಮುರಿಯುತ್ತದೆ. ಅದು ಬಾಗಲಿ ಎಂದು ಪ್ಲಾಸ್ಟಿಸೈಜರ್, ಉಗುರನ್ನು ಹಿಡಿದುಕೊಳ್ಳಲಿ ಎಂದು ರಾಳ ಬೆರೆಸುತ್ತಾರೆ.

ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು ಅದರಲ್ಲಿರುವ ಜೇಡಿಮಣ್ಣು. ಹೌದು, ಮಣ್ಣೇ. ಬಣ್ಣದ ಪುಡಿ ತಳಕ್ಕಿಳಿಯದೆ ನಿಲ್ಲಬೇಕೆಂದರೆ ದ್ರವ ಗಟ್ಟಿಯಿರಬೇಕು. ಬ್ರಷ್ಷಿನಿಂದ ಜಾರಬೇಕೆಂದರೆ ತೆಳ್ಳಗಿರಬೇಕು. ಈ ಎರಡೂ ಆಗುವುದು ವಿಶೇಷವಾಗಿ ಹದಮಾಡಿದ ಜೇಡಿಯಿಂದ. ಅದರ ಕಣಗಳು ತೆಳು ಹಾಳೆಗಳು. ಸುಮ್ಮನಿದ್ದಾಗ ಒಂದಕ್ಕೊಂದು ಆತು ನಿಂತು ಇಸ್ಪೀಟಿನ ಮನೆಯಂಥ ಜಾಲ ಕಟ್ಟಿಕೊಳ್ಳುತ್ತವೆ. ಶೀಶೆಯನ್ನು ಅಂಗೈಗಳ ನಡುವೆ ಉರುಳಿಸಿದರೆ, ಬ್ರಷ್ ಎಳೆದರೆ, ಆ ಮನೆ ಬಿದ್ದು ಬಣ್ಣ ನೀರಾಗುತ್ತದೆ. ಬ್ರಷ್ ಎತ್ತಿದ ಸ್ವಲ್ಪ ಹೊತ್ತಿಗೆ ಮನೆ ಮತ್ತೆ ಏಳುತ್ತದೆ, ಅಂಚಿಗೆ ಸುರಿಯುವುದಿಲ್ಲ. ಶೀಶೆ ಅಲ್ಲಾಡಿಸಿದಾಗ ಟಿಕಟಿಕ ಅನ್ನುವ ಸಣ್ಣ ಉಕ್ಕಿನ ಗುಂಡು ಇರುವುದೂ ಈ ಕಲಕುವ ಕೆಲಸಕ್ಕೇ. ಮುತ್ತಿನ ಹೊಳಪಿನ ಬಣ್ಣಗಳಿಗೆ ಹಿಂದೆ ಮೀನಿನ ಹುರುಪೆಯಿಂದ ತೆಗೆದ ವಸ್ತು ಹಾಕುತ್ತಿದ್ದರು. ಈಗ ಆ ಕೆಲಸ ಬಹುಮಟ್ಟಿಗೆ ಅಭ್ರಕದ ಚೂರುಗಳದ್ದು.

ಅಷ್ಟೆಲ್ಲ ಮಾಡಿ ಹಚ್ಚಿದ್ದು ಮೂರನೇ ದಿನಕ್ಕೆ ತುದಿಯಲ್ಲಿ ಚಕ್ಕೆ ಏಳುತ್ತದಲ್ಲ, ಅದಕ್ಕೆ ಕಾರಣ ನೀರು. ಉಗುರು ನೀರು ಕುಡಿಯುತ್ತದೆ. ಪಾತ್ರೆ ತೊಳೆದು, ಬಟ್ಟೆ ಹಿಂಡಿ ಬರುವಷ್ಟರಲ್ಲಿ ಅದು ಉಬ್ಬಿ ಮೆತ್ತಗಾಗಿರುತ್ತದೆ. ಮೇಲಿನ ಪೊರೆ ಅಷ್ಟು ಉಬ್ಬುವುದಿಲ್ಲ. ಉಗುರು ಹಿಗ್ಗಿ ಕುಗ್ಗಿದಂತೆಲ್ಲ ಪೊರೆಯ ಹಿಡಿತ ಸಡಿಲವಾಗುತ್ತದೆ. ಆದ್ದರಿಂದ ಸ್ನಾನ ಮುಗಿಸಿ ನೇರ ಬಂದು ಹಚ್ಚಿಕೊಳ್ಳಬಾರದು, ಉಗುರು ಪೂರ್ತಿ ಆರಿರಬೇಕು. ಎಣ್ಣೆ ಪಸೆ ಇದ್ದರೆ ರಿಮೂವರ್‌ನಲ್ಲಿ ಒಮ್ಮೆ ಒರೆಸಬೇಕು. ಒಂದೇ ದಪ್ಪ ಕೋಟ್‌ಗಿಂತ ಎರಡು ತೆಳು ಕೋಟ್ ಒಳ್ಳೆಯದು: ದಪ್ಪ ಪದರದ ಮೇಲ್ಭಾಗ ಒಣಗಿ ಮುಚ್ಚಿಕೊಂಡರೆ ಒಳಗಿನ ದ್ರಾವಕಕ್ಕೆ ಹೊರಬರಲು ದಾರಿಯಿಲ್ಲ. ಮುಟ್ಟಿದರೆ ಒಣಗಿದಂತಿದ್ದು, ರಾತ್ರಿ ಮಲಗಿ ಎದ್ದಾಗ ಹೊದಿಕೆಯ ನೇಯ್ಗೆ ಉಗುರ ಮೇಲೆ ಅಚ್ಚೊತ್ತಿರುವುದು ಇದೇ ಕಾರಣಕ್ಕೆ. ಕೆಂಪು ಬಣ್ಣ ಬಹಳ ದಿನ ಇಟ್ಟರೆ ಉಗುರು ಹಳದಿಯಾಗುತ್ತದೆ, ಕೆಳಗೆ ಬೇಸ್ ಕೋಟ್ ಇದ್ದರೆ ಅದು ತಪ್ಪುತ್ತದೆ.

ಒಣಗುವ ಆ ಹೊತ್ತಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಅತ್ತಿಗೆ ಭಾನುವಾರ ಮಧ್ಯಾಹ್ನ ಅಡುಗೆಮನೆ ಒರೆಸಿ ಬಂದು, ವರಾಂಡದಲ್ಲಿ ಹಳೆ ಪೇಪರ್ ಹಾಸಿಕೊಂಡು ಕೂರುತ್ತಾರೆ. ಬಲಗೈಯವರಾದ್ದರಿಂದ ಎಡಗೈಗೆ ಮೊದಲು, ಸಲೀಸಾಗಿ. ಬಲಗೈಗೆ ಬರುವಾಗ ನಾಲಿಗೆ ತುದಿ ಹಲ್ಲಿನ ನಡುವೆ ಬಂದಿರುತ್ತದೆ. ಆಮೇಲೆ ಎರಡೂ ಕೈ ಮಂಡಿಯ ಮೇಲೆ ಹರಡಿಕೊಂಡು, ಆಗಾಗ ಉಫ್ ಎಂದು ಊದುತ್ತಾ ಸುಮ್ಮನೆ ಕೂತಿರುತ್ತಾರೆ. ಕುಕ್ಕರ್ ಕೂಗಿದರೆ ‘ಯಾರಾದರೂ ಆಫ್ ಮಾಡಿ, ನನ್ನ ಕೈ ಒದ್ದೆ’. ಕಾಲಿಂಗ್ ಬೆಲ್ ಆದರೆ ‘ನೋಡಿ, ನನ್ನ ಕೈ ಒದ್ದೆ’. ಬೆಳಗ್ಗೆ ಐದೂವರೆಯಿಂದ ಬಿಡುವಿಲ್ಲದ ಆ ಕೈಗಳಿಗೆ ವಾರದಲ್ಲಿ ಸಿಗುವ ಪ್ರಶ್ನಾತೀತ ರಜೆ ಆ ಇಪ್ಪತ್ತು ನಿಮಿಷ. ಗೋರಂಟಿಯ ರಾತ್ರಿಯೂ ಹಾಗೇ ಇತ್ತು. ಕೈಗೆ ಮೆತ್ತಿಕೊಂಡವಳಿಗೆ ಬೇರೆಯವರೇ ತುತ್ತು ಮಾಡಿ ತಿನ್ನಿಸಬೇಕಿತ್ತು. ಉಗುರು ಬಣ್ಣದ ಸುಖವನ್ನು ಬಣ್ಣದ ಲೆಕ್ಕದಲ್ಲಿ ಮಾತ್ರ ಅಳೆಯುವವರು ಈ ಅರ್ಧವನ್ನು ಬಿಟ್ಟುಬಿಡುತ್ತಾರೆ.

ಒಳಗಿಳಿಯುವ ಬಣ್ಣಕ್ಕೂ ಮೇಲೆ ಕೂರುವ ಪೊರೆಗೂ ಇರುವ ವ್ಯತ್ಯಾಸ ಕೆಲವರಿಗೆ ಧರ್ಮದ ವಿಷಯವೂ ಹೌದು. ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವ ವುಝೂದಲ್ಲಿ ನೀರು ಉಗುರಿಗೂ ತಾಗಬೇಕು. ಪಾಲಿಶ್ ಪೊರೆ ಅಡ್ಡ ಬರುತ್ತದೆ, ಮೆಹಂದಿ ಬರುವುದಿಲ್ಲ. ಪೋಲೆಂಡಿನ ಇಂಗ್ಲಾಟ್ ಕಂಪನಿ ನೀರಿನ ಆವಿ ದಾಟಬಲ್ಲ ಪಾಲಿಶ್ ತಂದಾಗ ಮುಸ್ಲಿಂ ಹೆಣ್ಣುಮಕ್ಕಳು ಅದನ್ನು ಬಹಳ ಆಸೆಯಿಂದ ಕೊಂಡರು. ಅದನ್ನು ಒಪ್ಪಬಹುದೇ ಎಂಬುದರಲ್ಲಿ ವಿದ್ವಾಂಸರು ಒಂದೇ ಮಾತು ಹೇಳುವುದಿಲ್ಲ.

ಅಪಾಯದ ಮಾತೂ ಬರಲಿ. ‘ಉಗುರಿಗೆ ಉಸಿರು ಕಟ್ಟುತ್ತದೆ’ ಎಂಬುದು ಸುಳ್ಳು; ಉಗುರು ಉಸಿರಾಡುವುದಿಲ್ಲ, ಅದಕ್ಕೆ ಬೇಕಾದ್ದೆಲ್ಲ ಬುಡದ ರಕ್ತದಿಂದ ಬರುತ್ತದೆ. ಹೆದರಬೇಕಾದ್ದು ಬೇರೆ ಇದೆ. ಟಾಲ್ವೀನ್, ಫಾರ್ಮಾಲ್ಡಿಹೈಡ್, ಡೈಬ್ಯೂಟೈಲ್ ಥ್ಯಾಲೇಟ್ ಎಂಬ ಮೂರು ವಸ್ತುಗಳ ಬಗ್ಗೆ ದೂರುಗಳು ಬಂದು, ಮೂರನೆಯದನ್ನು ಐರೋಪ್ಯ ಒಕ್ಕೂಟ 2004ರಲ್ಲೇ ಸೌಂದರ್ಯವರ್ಧಕಗಳಿಂದ ತೆಗೆಸಿತು. ದೊಡ್ಡ ಕಂಪನಿಗಳು ಮೂರನ್ನೂ ಬಿಡುತ್ತಾ ಬಂದವು. ವಾರಕ್ಕೊಮ್ಮೆ ಹಚ್ಚಿಕೊಳ್ಳುವವರಿಗಿಂತ ದಿನವಿಡೀ ಕಿಟಕಿಯಿಲ್ಲದ ಪಾರ್ಲರಿನಲ್ಲಿ ಇನ್ನೊಬ್ಬರಿಗೆ ಹಚ್ಚುವ ಹುಡುಗಿಯರ ಬಗ್ಗೆ ನನಗೆ ಹೆಚ್ಚು ಚಿಂತೆ. ಆ ಘಾಟನ್ನು ಕುಡಿಯುತ್ತಿರುವವರು ಅವರು. ಮನೆಯಲ್ಲಾದರೆ ಗ್ಯಾಸ್ ಒಲೆಯ ಹತ್ತಿರ ಶೀಶೆಯನ್ನಾಗಲಿ ರಿಮೂವರನ್ನಾಗಲಿ ತೆರೆಯಬೇಡಿ.

ಜೆಲ್ ಪಾಲಿಶ್‌ನ ಕಥೆ ಬೇರೆ. ಅದು ಆವಿಯಾಗಿ ಒಣಗುವಂಥದ್ದಲ್ಲ. ಅದರಲ್ಲಿರುವ ಅಕ್ರಿಲೇಟ್‌ಗಳು ಯುವಿ ದೀಪದ ಬೆಳಕಿಗೆ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ, ಎರಡು ಮೂರು ವಾರ ಅಲ್ಲಾಡುವುದಿಲ್ಲ. ಸರಿಯಾಗಿ ಗಟ್ಟಿಯಾಗದ ಜೆಲ್ ಚರ್ಮಕ್ಕೆ ತಾಗುತ್ತಿದ್ದರೆ ಅಲರ್ಜಿ ಹತ್ತಬಹುದು. ಹತ್ತಿದರೆ ಬಿಡುವಂಥದ್ದಲ್ಲ, ಮುಂದೆ ಹಲ್ಲು ತುಂಬಿಸಲು ಬಳಸುವ ಅದೇ ಜಾತಿಯ ವಸ್ತುವೂ ಮೈಗೆ ಆಗದೇ ಹೋಗಬಹುದು. ಬೆಳಕಿಗೆ ಹೆಣಿಗೆ ಶುರುಮಾಡುವ ಟಿಪಿಒ ಎಂಬ ವಸ್ತುವನ್ನು ಐರೋಪ್ಯ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಿದೆ. ಆನ್‌ಲೈನಿನಲ್ಲಿ ಕಿಟ್ ತರಿಸಿ ಮನೆಯಲ್ಲೇ ಹಚ್ಚಿಕೊಳ್ಳುವವರು ಇಷ್ಟು ತಿಳಿದಿದ್ದರೆ ಒಳ್ಳೆಯದು.

ಆಪರೇಷನ್ನಿಗೆ ಮುಂಚೆ ಪಾಲಿಶ್ ತೆಗೆಸುವುದಕ್ಕೂ ಕಾರಣವಿದೆ. ರಕ್ತದ ಆಮ್ಲಜನಕ ತಿಳಿಯಲು ಬೆರಳಿಗೆ ಕ್ಲಿಪ್ಪಿನಂತೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕೆಂಪು ಮತ್ತು ಅವಗೆಂಪು ಬೆಳಕನ್ನು ಉಗುರಿನ ಮೂಲಕ ಹಾಯಿಸಿ, ಆಚೆ ಎಷ್ಟು ತಲುಪಿತೆಂದು ಲೆಕ್ಕ ಹಾಕುತ್ತದೆ. ಕಪ್ಪು, ನೀಲಿಯಂಥ ಗಾಢ ಬಣ್ಣ ಆ ಲೆಕ್ಕವನ್ನು ಸ್ವಲ್ಪ ಕೆಡಿಸಬಹುದು. ಜತೆಗೆ ಉಗುರಿನ ಕೆಳಗೆ ನೀಲಿಗಟ್ಟುತ್ತಿದೆಯೇ ಎಂದು ಡಾಕ್ಟರು ಕಣ್ಣಾರೆ ನೋಡಬೇಕಾಗುತ್ತದೆ.

ಎರಡು ವರ್ಷದ ಹಿಂದೆ ಅತ್ತಿಗೆಗೆ ಪಿತ್ತಕೋಶದ ಆಪರೇಷನ್ ಆದಾಗ ಹಿಂದಿನ ರಾತ್ರಿ ನರ್ಸ್ ಬಂದು ಹತ್ತಿ, ರಿಮೂವರ್ ಕೊಟ್ಟು ಹೋದರು. ಒಂದೊಂದೇ ಬೆರಳು ಒರೆಸಿದ್ದು ನಾನು. ಹತ್ತೂ ಮುಗಿದ ಮೇಲೆ ಅತ್ತಿಗೆ ಕೈ ತಿರುಗಿಸಿ ನೋಡಿಕೊಂಡು, ‘ಯಾರದೋ ಕೈ ಇದ್ದಹಾಗಿದೆ ಕಣೇ’ ಅಂದರು. ಡಿಸ್ಚಾರ್ಜ್ ಆಗಿ ಮನೆಗೆ ಬಂದ ನಾಲ್ಕನೇ ದಿನ, ಇನ್ನೂ ಹೊಲಿಗೆ ಬಿಚ್ಚಿರಲಿಲ್ಲ, ವರಾಂಡದಲ್ಲಿ ಪೇಪರ್ ಹಾಸಿದ್ದು ಕಂಡಿತು. ಬಲಗೈ ನಡುಗುತ್ತಿತ್ತು. ‘ಈ ಸಲ ಎರಡೂ ಕೈಗೆ ನೀನೇ ಹಚ್ಚು’ ಎಂದು ಶೀಶೆ ನನ್ನ ಕೈಗಿಟ್ಟರು.